ಕೊಡಗಿನ ಮೂರು ಕ್ಷೇತ್ರ ಎರಡಾದ ಲೆಕ್ಕ

ಕ್ಷೇತ್ರ ಮರುವಿಂಗಡಣೆ ಅಂದರೆ ನಕ್ಷೆ ಹರಡಿಕೊಂಡು ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಿಂದಿನ ಸಲ ಕೊಡಗಿನ ಚುನಾವಣಾ ಶಾಖೆಯಲ್ಲಿ ಕೂತು ಅದಕ್ಕೆ ಅಂಕಿಅಂಶ ಹೊಂದಿಸಿಕೊಟ್ಟವರಲ್ಲಿ ನಾನೂ ಒಬ್ಬ. ನಾವು ನಕ್ಷೆ ಬಿಚ್ಚಿದ್ದು ಕೊನೆಗೆ. ಅಲ್ಲಿಯವರೆಗೂ ಬರೀ ಕೂಡುವ, ಭಾಗಿಸುವ ಕೆಲಸ.

ಆ ಸಲ ಮರುವಿಂಗಡಣೆ ಮಾಡಿದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ. ಮೊದಲು 1991ರ ಜನಗಣತಿ ಹಿಡಿಯಿರಿ ಅಂದಿದ್ದರು. 2003ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಆಗಿ 2001ರ ಲೆಕ್ಕ ಬಂತು. ಸರಿ, ಪಟ್ಟಿಗಳೆಲ್ಲ ಹೊಸದಾಗಿ! ಎಣಿಸುವುದು ಮತದಾರರನ್ನಲ್ಲ, ತೊಟ್ಟಿಲ ಕೂಸೂ ಸೇರಿ ಒಟ್ಟು ಜನರನ್ನು. ಇದನ್ನು ಪಕ್ಷದವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಕರ್ನಾಟಕದ ಜನಸಂಖ್ಯೆ ಆಗ ಸುಮಾರು 5.28 ಕೋಟಿ. ವಿಧಾನಸಭೆಯ 224 ಸ್ಥಾನಕ್ಕೆ ಹಂಚಿದರೆ ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ. ಕೊಡಗಿನಲ್ಲಿ ಇದ್ದದ್ದು 5.48 ಲಕ್ಷ. ಭಾಗಿಸಿದರೆ 2.32 ಬರುತ್ತದೆ. ಅಂದರೆ ಎರಡೇ ಸ್ಥಾನ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಅಂತ ಇದ್ದ ಮೂರರಲ್ಲಿ ಒಂದು ಹೋಗಲೇಬೇಕಿತ್ತು. ಅದೇ ಲೆಕ್ಕದಲ್ಲಿ 65 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನ ಸಿಕ್ಕಿತು. ಕಾಡು, ಬೆಟ್ಟ, ಮಳೆಗೆ ಇಲ್ಲಿ ಅಂಕ ಇಲ್ಲ ನೋಡಿ.

ನಿಜವಾದ ಚರ್ಚೆ ನಡೆದದ್ದು ಹೋಬಳಿಗಳ ಮೇಲೆ. ಸೋಮವಾರಪೇಟೆ, ವಿರಾಜಪೇಟೆ ತಾಲೂಕುಗಳಲ್ಲಿ ತಲಾ ಎರಡು ಲಕ್ಷದ ಆಸುಪಾಸು ಜನ. ನಡುವಿನ ಮಡಿಕೇರಿ ತಾಲೂಕಿನಲ್ಲಿ ಒಂದೂವರೆ ಲಕ್ಷದ ಹತ್ತಿರ. ಹಾಗಾಗಿ ಆಚೀಚೆಯ ಎರಡನ್ನು ಇಡಿಯಾಗಿ ಉಳಿಸಿ, ಮಡಿಕೇರಿಯನ್ನೇ ಒಡೆಯುವುದು ಸಲೀಸು. ಹೋಬಳಿಯನ್ನು, ಅದರೊಳಗೆ ಗ್ರಾಮ ಲೆಕ್ಕಿಗರ ವೃತ್ತವನ್ನು ಆದಷ್ಟು ಮುರಿಯಬಾರದು. ಒಂದು ಹಳ್ಳಿಯ ಅಂಕಿ ತಪ್ಪಿದರೆ ಇಡೀ ಹೋಬಳಿಯ ಮೊತ್ತ ಕೂಡಿಬರುವುದಿಲ್ಲ. ಕೊನೆಗೆ ಮಡಿಕೇರಿ ತಾಲೂಕಿನ ನಾಪೋಕ್ಲು, ಭಾಗಮಂಡಲ ಹೋಬಳಿಗಳು ವಿರಾಜಪೇಟೆಗೆ ಹೋದವು. ಮಡಿಕೇರಿ, ಸಂಪಾಜೆ ಸೋಮವಾರಪೇಟೆ ಜೊತೆ ಸೇರಿದವು. ಜನ ಜಾಸ್ತಿ ಇದ್ದದ್ದು ಸೋಮವಾರಪೇಟೆ ಕಡೆ, ಆದರೆ ಹೆಸರು ಉಳಿದದ್ದು ಮಡಿಕೇರಿಯದು. ಅಲ್ಲಿನವರಿಗೆ ಬೇಜಾರಾಗದೆ ಇರುತ್ತದಾ?

ಇನ್ನೊಂದು ವಿಚಿತ್ರ ಇದೆ. ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲು ಸ್ಥಾನ 2ರಿಂದ 15ಕ್ಕೆ ಏರಿತು. ಆದರೆ ಆ ಎರಡರಲ್ಲಿ ಒಂದಾಗಿದ್ದ ವಿರಾಜಪೇಟೆ ಸಾಮಾನ್ಯ ಕ್ಷೇತ್ರವಾಯಿತು! ಪಂಗಡದವರ ಶೇಕಡಾವಾರು ಪ್ರಮಾಣ ಜಾಸ್ತಿ ಇರುವ ಕ್ಷೇತ್ರಗಳಿಗೇ ಮೀಸಲು ಅನ್ನುವುದು ನಿಯಮ. ನಾಯಕ ಸಮುದಾಯ ಹೆಚ್ಚಿರುವ ಬಳ್ಳಾರಿ, ರಾಯಚೂರು ಕಡೆಯ ಕ್ಷೇತ್ರಗಳು ಮೇಲೆ ಬಂದವು. ನಮ್ಮ ಯರವರು, ಜೇನುಕುರುಬರ ಸಂಖ್ಯೆ ಅದಕ್ಕೆ ಸಾಲಲಿಲ್ಲ. ನಿಯಮದ ಪ್ರಕಾರ ಇದು ಸರಿಯೇ. ನ್ಯಾಯವೇ ಅಂದರೆ ನಾನು ಒಪ್ಪುವುದಿಲ್ಲ.

ಲೋಕಸಭೆಯ ವಿಷಯದಲ್ಲಿ ಅಷ್ಟು ತಲೆನೋವಾಗಲಿಲ್ಲ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಒಂದು ಲೋಕಸಭೆ. ಮೊದಲು ನಾವು ಮಂಗಳೂರಿಗೆ ಸೇರಿದ್ದೆವು, ಮಧ್ಯೆ ಸಂಪಾಜೆ ಘಾಟಿ. ಈಗ ಮೈಸೂರಿನ ಆರರ ಜೊತೆ ನಮ್ಮ ಎರಡು.

ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಬಂದೇ ಬರುತ್ತವೆ. ‘ನಮ್ಮ ಭಾವನೆಗೆ ಧಕ್ಕೆಯಾಗಿದೆ’ ಅಂತ ಪುಟಗಟ್ಟಲೆ ಬರೆದರೆ ಉಪಯೋಗವಿಲ್ಲ. ಈ ಹೋಬಳಿಯನ್ನು ಆ ಕಡೆ ಹಾಕಿ, ಆಗ ಎರಡೂ ಕಡೆ ಜನ ಇಷ್ಟಾಗುತ್ತಾರೆ ಅಂತ ಅಂಕಿ ಸಮೇತ ಕೊಡಬೇಕು. ಆಯೋಗದಲ್ಲಿ ಸಹ ಸದಸ್ಯರಾಗಿ ಕೂರುವ ಸಂಸದರು, ಶಾಸಕರಿಗೂ ಮತ ಹಾಕುವ ಹಕ್ಕಿಲ್ಲ. ಅಂತಿಮ ಆದೇಶ ಗೆಜೆಟ್‌ನಲ್ಲಿ ಬಂದ ಮೇಲಂತೂ ಕೋರ್ಟಿಗೆ ಹೋದರೂ ಗಡಿ ಕದಲುವುದು ಕಷ್ಟ.

ಹೊಸ ಗಡಿಯಲ್ಲಿ ಮೊದಲು ಚುನಾವಣೆ ನಡೆದದ್ದು ನಮ್ಮ ರಾಜ್ಯದಲ್ಲೇ, 2008ರ ಮೇ ತಿಂಗಳಲ್ಲಿ. ನಿಪ್ಪಾಣಿ 1ನೇ ನಂಬರ್, ಗುಂಡ್ಲುಪೇಟೆ 224. ಮಡಿಕೇರಿಗೆ 208, ವಿರಾಜಪೇಟೆಗೆ 209 ಬಂತು. ನಾಪೋಕ್ಲು ಕಡೆಯ ಮತದಾರರ ಪಟ್ಟಿಗಳನ್ನೆಲ್ಲ 209ಕ್ಕೆ ವರ್ಗಾಯಿಸಿ, ಭಾಗ ಸಂಖ್ಯೆ ಹೊಸದಾಗಿ ಕೊಟ್ಟೆವು. ‘ಮಡಿಕೇರಿ ತಾಲೂಕಿನವರು ನಾವು, ವಿರಾಜಪೇಟೆಗೆ ಹೋಗಿ ಓಟು ಹಾಕಬೇಕಾ ಸಾರ್?’ ಅಂತ ಕೇಳಿಕೊಂಡು ಬರುತ್ತಿದ್ದರು. ಬೇಡ, ನಿಮ್ಮೂರಲ್ಲೇ ಹಾಕಿ, ಎಂಎಲ್‌ಎ ಮಾತ್ರ ಬೇರೆ ಅನ್ನುತ್ತಿದ್ದೆವು.