ಮೀಟರ್‌ನಲ್ಲಿ 90, ಭತ್ತ ಮಾತ್ರ ಹಸಿ

ದಾವಣಗೆರೆ ಹತ್ತಿರದ ಒಂದು ರೈಸ್ ಮಿಲ್‌ನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ನನ್ನದು. ಭದ್ರಾ ಕಾಲುವೆ ಕಡೆಯ ಭತ್ತ ಬರುತ್ತದೆ. ನೆನೆಸಿ, ಹಬೆಯಲ್ಲಿ ಬೇಯಿಸಿ, ಡ್ರೈಯರ್‌ಗೆ ಬಿಡುತ್ತೇವೆ. ಹೊರಬರುವಾಗ ತೇವ ಶೇ. 13ರ ಆಸುಪಾಸು ಇರಬೇಕು. ಜಾಸ್ತಿ ಉಳಿದರೆ ಚೀಲದಲ್ಲೇ ಬೂಷ್ಟು, ಅವಸರ ಮಾಡಿ ಒಣಗಿಸಿದರೆ ಬರೀ ನುಚ್ಚು.

ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ ತೇವ 15ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಬಿಸಿಗಾಳಿಗೆ ಕೊಟ್ಟ ಸೆಟ್‌ಪಾಯಿಂಟ್, ಅಂದರೆ ಇರಬೇಕಾದ ಕಾವು, 90 ಡಿಗ್ರಿ, ಮೀಟರ್ ಅದರ ಸುತ್ತಲೇ ಏರಿಳಿಯುತ್ತಿತ್ತು. ನಾನು ಪಿಐಡಿ, ಅಂದರೆ ಕಾವನ್ನು ಸೆಟ್‌ಪಾಯಿಂಟ್‌ನಲ್ಲೇ ನಿಲ್ಲಿಸಲು ಕಂಟ್ರೋಲರ್ ಹಾಕುವ ಲೆಕ್ಕ, ಹಿಡಿದು ಕೂತೆ. ನಾಲ್ಕು ದಿನ ಅದರ ಪ್ರಪೋರ್ಷನಲ್ ಬ್ಯಾಂಡ್, ಇಂಟಿಗ್ರಲ್ ಟೈಮ್ ಅನ್ನೋ ಸೆಟ್ಟಿಂಗ್ ತಿದ್ದಿದ್ದೇ ತಿದ್ದಿದ್ದು. ಏರಿಳಿತ ನಿಂತಿತು, ತೇವ ಹಾಗೇ ಇತ್ತು. ಕಂಟ್ರೋಲರ್ ತನಗೆ ಬಂದ ಅಂಕಿಯನ್ನೇ ನಂಬುತ್ತದೆ ಅಲ್ವಾ, ಅದು ಸರಿಯೋ ತಪ್ಪೋ ಅದಕ್ಕೇನು ಗೊತ್ತು.

ಡ್ರೈಯರ್ ನೋಡಿಕೊಳ್ಳುವ ಹಿರಿಯರು ಒಂದು ಕಾಳು ಹಲ್ಲಲ್ಲಿ ಕಚ್ಚಿ, "ಗಾಳಿಗೆ ಕಾವು ಸಾಲವಲ್ದು ಸರ್" ಅಂತ ದಿನಾ ಹೇಳುತ್ತಿದ್ದರು. ನಾನು ಮೀಟರ್ ಕಡೆ ಕೈ ತೋರಿಸುತ್ತಿದ್ದೆ. ಅವರ ಮಾತನ್ನು ಮೊದಲ ದಿನವೇ ಕೇಳಬೇಕಿತ್ತು.

ಐದನೇ ದಿನ, ವೈರ್ ಕಳಚದೆ ಗಾಳಿಯ ಕಾವು ಅಳೆಯುವ ಸೆನ್ಸರ್ ಮಾತ್ರ ಹೊರಗೆ ತೆಗೆದು ಐಸ್ ನೀರಲ್ಲಿ ಅದ್ದಿದೆ. 5 ತೋರಿಸಿತು. ಕುದಿಯುವ ನೀರಲ್ಲಿ 103. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98ರ ಹತ್ತಿರವೇ ಕುದಿಯುತ್ತದೆ, ಅಂದರೆ ಎರಡೂ ಕಡೆ ಅದೇ 5 ಡಿಗ್ರಿ ಹೆಚ್ಚು. ಅದೇ ಸೆನ್ಸರನ್ನು ಪ್ಯಾನಲ್ ಪಕ್ಕದಲ್ಲೇ ತುಂಡು ವೈರಲ್ಲಿ ಜೋಡಿಸಿದರೆ ಸರಿಯಾಗಿ ತೋರಿಸಿತು. ತಪ್ಪು ಇದ್ದದ್ದು ವೈರಿನಲ್ಲಿ.

ನಮ್ಮದು ಪಿಟಿ100 ಅನ್ನೋ ಪ್ಲಾಟಿನಂ ಸೆನ್ಸರ್, ಅದರ ವಿದ್ಯುತ್ ರೋಧ ಸೊನ್ನೆ ಡಿಗ್ರಿಗೆ 100 ಓಮ್ ಇರುತ್ತದೆ, ಆಮೇಲೆ ಒಂದೊಂದು ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. ನಮ್ಮಲ್ಲಿ ಪ್ಯಾನಲ್‌ಗೆ 40 ಮೀಟರ್ ದೂರ. ಎರಡೇ ವೈರ್, 0.75 ಸ್ಕ್ವೇರ್ ಎಂಎಂ ತಾಮ್ರ, ಹೋಗಿಬಂದು 80 ಮೀಟರ್. ಅದರದ್ದೇ 1.9 ಓಮ್ ಹತ್ತಿರ, ಅದನ್ನೂ ಕಂಟ್ರೋಲರ್ ಸೆನ್ಸರಿನದ್ದು ಅಂತಲೇ ಓದುತ್ತದೆ. 0.385ರಿಂದ ಭಾಗಿಸಿ ನೋಡಿ, ಆ 5 ಡಿಗ್ರಿ ಅಲ್ಲೇ ಸಿಗುತ್ತದೆ. ಗಾಳಿ ನಿಜಕ್ಕೂ ಇದ್ದದ್ದು 85.

ಮೂರನೇ ವೈರ್ ಎಳೆದೆವು. ಅದಿದ್ದರೆ ಕಂಟ್ರೋಲರ್ ವೈರಿನ ಓಮ್ ಅಳೆದು ಕಳೆದುಬಿಡುತ್ತದೆ. ಮಾರನೇ ದಿನ ತೇವ 13ಕ್ಕೆ ಬಂತು.

ಆದರೂ ಅರ್ಧ ಗಂಟೆಗೊಮ್ಮೆ ತೇವ ಅಳೆಯೋದು ಬಿಟ್ಟಿಲ್ಲ, ಲೋಡಿಂದ ಲೋಡಿಗೆ ಭತ್ತದ ತೇವ ಬೇರೆ. ಸುಗ್ಗಿ ಶುರುವಾಗೋ ಮುಂಚೆ ಸೆನ್ಸರನ್ನು ಐಸ್ ನೀರಲ್ಲೂ ಕುದಿಯೋ ನೀರಲ್ಲೂ ಅದ್ದಿ, ಬಂದ ಅಂಕಿಯನ್ನು ಪ್ಯಾನಲ್ ಬಾಗಿಲ ಒಳಗೆ ತಾರೀಖಿನ ಜೊತೆ ಬರೆದಿಡುತ್ತೇನೆ.