ತಲೆಯಿಂದ ಪೆಡಲ್ ಗಂಟ: ಬಿಎಂಎಕ್ಸ್ ಹತ್ತೋಕ್ ಮುಂಚೆ ಏನೇನ್ ಹಾಕ್ಕೋಬೇಕು

ಮೈಸೂರಿನ ಸರಸ್ವತಿಪುರಂನಲ್ಲಿರೋ ನಮ್ಮಕ್ಕನ ಮಗ ಬಿಎಂಎಕ್ಸ್, ಅಂದ್ರೆ ರೇಸು, ಜಂಪು, ಟ್ರಿಕ್ಕಿಗೆ ಅಂತ್ಲೇ ಮಾಡಿರೋ ಚಿಕ್ಕ ಚಕ್ರದ ಸೈಕಲ್, ತಗೊಂಡ ಮೂರನೇ ದಿನಕ್ಕೇ ಕಾಲಿಗೆ ಹೊಲಿಗೆ ಹಾಕಿಸ್ಕೊಂಡ. ಬಿದ್ದಿದ್ದಕ್ಕಲ್ಲ ಕಣ್ರೀ, ಕಾಲು ಜಾರಿ ಪೆಡಲ್ ಗಿರ್ರಂತ ತಿರುಗಿ ಬಂದು ಮೂಳೆಗೆ ಬಡಿದಿದ್ದಕ್ಕೆ. ತಲೇಲಿ ಹೆಲ್ಮೆಟ್ ಇತ್ತು, ಅದೂ ಅವರಪ್ಪನ ಸ್ಕೂಟರ್‌ದು! ಅವತ್ತಿಂದ ಯಾರಾದ್ರೂ ಮಗನಿಗೆ ಆ ಚಿಕ್ಕ ಚಕ್ರದ ಸೈಕಲ್ ಕೊಡಿಸ್ತೀನಿ ಅಂದ್ರೆ ನಾನು ಕೇಳೋದು ಒಂದೇ, ಗೇರ್‌ಗೆ ಎಷ್ಟು ದುಡ್ಡು ಎತ್ತಿಟ್ಟಿದೀರಾ ಅಂತ. ಸೈಕಲ್ ಗೇರಲ್ಲ, ಅದು ಬಿಎಂಎಕ್ಸ್‌ಗೆ ಇರೋದೇ ಇಲ್ಲ, ಮೈಗೆ ಹಾಕ್ಕೊಳ್ಳೋದು.

1. ಹೆಲ್ಮೆಟ್
ಸ್ಕೂಟರ್ ಹೆಲ್ಮೆಟ್ ಬೇಡ. ಅದು ಬೈಕ್ ಓಡಿಸೋರಿಗೆ ಮಾಡಿರೋದು, ಮಗು ಕುತ್ತಿಗೆಗೆ ಭಾರ, ಬಿಸಿಲಲ್ಲಿ ಬೇಯುತ್ತೆ, ಸೈಜ್ ದೊಡ್ಡದಾದ್ರೆ ಕಣ್ಣಿನ ಮೇಲೇ ಜಾರುತ್ತೆ. ಸೈಕಲ್ ಹೆಲ್ಮೆಟ್ಟೇ ತಗೊಳಿ, ಒಳಗಡೆ ಇಎನ್ 1078 (ಯುರೋಪಿನ ಸೇಫ್ಟಿ ಗುರುತು) ಅಥವಾ ಸಿಪಿಎಸ್‌ಸಿ (ಅಮೆರಿಕದ್ದು) ಅನ್ನೋ ಸ್ಟಿಕ್ಕರ್ ಇದ್ಯಾ ನೋಡಿ. ಬೀದೀಲಿ ಸಣ್ಣಪುಟ್ಟ ಟ್ರಿಕ್ ಕಲಿಯೋಕೆ ಬಟ್ಟಲು ಥರದ್ದು ಸಾಕು, ರೇಸು, ದೊಡ್ಡ ಜಂಪು ಅಂದ್ರೆ ಗದ್ದನೂ ಮುಚ್ಚೋ ಫುಲ್ ಫೇಸ್ ಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಬಿಎಂಎಕ್ಸ್ ರೇಸ್ ಬಂತಲ್ಲ, ಅದರ ವಿಡಿಯೋ ಹಾಕಿ ತೋರಿಸಿ, ಹುಡುಗ್ರಿಗೆ ಬೇರೆ ಬುದ್ಧಿವಾದ ಬೇಕಾಗಲ್ಲ.

ರೇಟಿಗಿಂತ ಫಿಟ್ಟಿಂಗ್ ಮುಖ್ಯ. ಹುಬ್ಬಿನ ಮೇಲೆ ಎರಡು ಬೆರಳು ಜಾಗ, ಅಷ್ಟೇ. ಪಟ್ಟಿ ಎರಡೂ ಕಿವಿ ಕೆಳಗೆ ಸೇರಬೇಕು, ಗದ್ದದ ಹತ್ರ ಒಂದೇ ಬೆರಳು ತೂರಬೇಕು. ಹಾಕ್ಕೊಂಡು ತಲೆ ಜೋರಾಗಿ ಅಲ್ಲಾಡಿಸಿದ್ರೂ ಕದಲಬಾರದು. ಬೆಳೆಯೋ ಹುಡುಗ ಅಂತ ಯೂನಿಫಾರ್ಮ್ ಥರ ಒಂದು ಸೈಜ್ ದೊಡ್ಡದು ತರ್ತಾರೆ ನೋಡಿ, ಅದು ಇಲ್ಲಿ ನಡೆಯಲ್ಲ. ಇನ್ನೊಂದು, ಒಮ್ಮೆ ತಲೆ ನೆಲಕ್ಕೆ ಗಟ್ಟಿಯಾಗಿ ಬಡೀತು ಅಂದ್ರೆ ಆ ಹೆಲ್ಮೆಟ್ ಕಥೆ ಮುಗೀತು, ಹೊರಗಡೆ ಗೆರೆ ಕೂಡ ಕಾಣದೇ ಇರಬಹುದು ಆದ್ರೆ ಒಳಗಿನ ಥರ್ಮೋಕೋಲ್ ಅದುಮಿಕೊಂಡಿರುತ್ತೆ, ವಾಪಸ್ ಉಬ್ಬಲ್ಲ.

2. ಕಾಲು, ಮೊಣಕೈ
ಪೆಡಲ್ ಮೇಲೆ ಶೂ ಜಾರದಿರಲಿ ಅಂತ ಚೂಪು ಪಿನ್ ಇರುತ್ವೆ, ಕಾಲು ಜಾರಿದಾಗ ಕೊರೆಯೋದೂ ಅವೇ. ಫುಟ್‌ಬಾಲ್ ಆಡೋರು ಮಂಡಿ ಕೆಳಗೆ ಕಾಲಿನ ಮುಂದಿನ ಮೂಳೆಗೆ ಹಾಕ್ಕೊಳ್ಳೋ ಶಿನ್ ಗಾರ್ಡ್ ಉದ್ದ ಸಾಕ್ಸ್ ಒಳಗೆ ತೂರಿಸ್ಕೊಂಡ್ರೂ ಎಷ್ಟೋ ವಾಸಿ. ಹೊಸಬರಿಗೆ ಪ್ಲಾಸ್ಟಿಕ್ ಪೆಡಲ್ಲೇ ಹಾಕಿಸಿಬಿಡಿ. ಮಂಡಿಗೆ ವಾಲಿಬಾಲ್ ಪ್ಯಾಡ್ ಸಾಕು ಅಂತಾರೆ, ಅದು ಬರೀ ಸ್ಪಂಜು, ಡಾಂಬರಿಗೆ ಸಿಕ್ಕಾಕ್ಕೊಂಡು ಹರಿದೋಗುತ್ತೆ. ಮೇಲೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಇರೋದಾದ್ರೆ ನೆಲದ ಮೇಲೆ ಜಾರುತ್ತೆ, ಏಟು ಕಮ್ಮಿ. ಮೊಣಕೈಗೂ ಅಂಥದ್ದೇ.

3. ಗ್ಲೌಸು, ಶೂ
ಬೆರಳು ಪೂರ್ತಿ ಮುಚ್ಚೋ ಗ್ಲೌಸು, ಚಪ್ಪಟೆ ರಬ್ಬರ್ ಸೋಲ್ ಶೂ. ಚಪ್ಪಲಿ ಹಾಕ್ಕೊಂಡು ಹತ್ತಲೇಬೇಡಿ. ಲೇಸ್ ಶೂ ಒಳಗೆ ಸಿಗಿಸಿ, ಇಲ್ಲಾಂದ್ರೆ ಚೈನ್‌ಗೆ ಸುತ್ಕೊಳುತ್ತೆ.

4. ಸೈಕಲ್ ಚೆಕ್
ಮುಂದಿನ ಚಕ್ರನ ಮಂಡಿ ಮಧ್ಯೆ ಅದುಮಿ ಹಿಡಿದು ಹ್ಯಾಂಡಲ್ ತಿರುಚಿ ನೋಡಿ, ಅಲ್ಲಾಡಿದ್ರೆ ಬೋಲ್ಟ್ ಟೈಟ್ ಮಾಡಿ. ಹ್ಯಾಂಡಲ್ ತುದೀಲಿ ಮುಚ್ಚಳ ಇದ್ಯಾ? ಎಷ್ಟೋ ಜನ ನೋಡೋದೇ ಇಲ್ಲ. ನಿಪ್ಪಟ್ಟಿನ ಹಿಟ್ಟನ್ನ ಡಬ್ಬಿ ಮುಚ್ಚಳದಲ್ಲಿ ರೌಂಡಾಗಿ ಕಟ್ ಮಾಡ್ತೀವಲ್ಲ, ಬಿದ್ದಾಗ ಆ ತೆರೆದ ಪೈಪು ಹೊಟ್ಟೆಗೆ ಹಂಗೇ ಇಳಿಯುತ್ತೆ.

ಬಿಎಂಎಕ್ಸ್‌ಗೆ ಸಾಮಾನ್ಯವಾಗಿ ಹಿಂದಿನ ಬ್ರೇಕ್ ಒಂದೇ, ಕೆಲವಕ್ಕೆ ಅದೂ ಇಲ್ಲ. ಅದಕ್ಕೇ ಚಾಮುಂಡಿ ಬೆಟ್ಟದಿಂದ ಇದರಲ್ಲಿ ಇಳಿಯೋ ಶೋಕಿ ಬೇಡ, ತಿರುವಲ್ಲಿ ಬಸ್ ಎದುರು ಬಂದ್ರೆ ಏನ್ ಮಾಡ್ತೀರಾ? ಮನೆ ಎದ್ದಿರದ ಲೇಔಟ್‌ನ ಖಾಲಿ ರೋಡು ಬೆಸ್ಟು. ಮಂಡ್ಯ ಕಡೆಯವರು ಕಬ್ಬು ಕಡಿಯೋ ಟೈಮಲ್ಲಿ ಮೇನ್ ರೋಡ್ ಬಿಟ್ಬಿಡಿ, ಟ್ರ್ಯಾಕ್ಟರ್ ಒಂದ್ ಕಡೆ ಆದ್ರೆ ಬಿದ್ದಿರೋ ಕಬ್ಬಿನ ತುಂಡು ಇನ್ನೊಂದ್ ಕಡೆ, ಚಿಕ್ಕ ಚಕ್ರ ಬೇಗ ಸಿಕ್ಕಾಕ್ಕೊಳುತ್ತೆ.

5. ಬೀಳೋದು
ಇದನ್ನೂ ಕಲೀಬೇಕು, ಹುಲ್ಲಿನ ಮೇಲೆ. ಬೀಳೋವಾಗ ಕೈನ ಕೋಲಿನ ಥರ ನೆಟ್ಟಗೆ ಊರಿದ್ರೆ ಮಣಿಕಟ್ಟು ಇಲ್ಲಾ ಭುಜದ ಮೂಳೆ ಹೋಗುತ್ತೆ. ಸೈಕಲ್ ಬಿಟ್ಬಿಡಿ, ಕೈ ಮಡಚಿ, ಗದ್ದ ಎದೆಗೆ ಒತ್ತಿ ಭುಜದ ಮೇಲೆ ಉರುಳಿ.

ತಲೆಗೆ ಏಟು ಬಿದ್ದು ವಾಂತಿ, ತಲೆನೋವು, ಮಂಕು ಹಿಡಿದಂಗೆ ಮಾತು, ಕೇಳಿದ್ದನ್ನೇ ಕೇಳೋದು ಹಿಂಗೇನಾದ್ರೂ ಕಂಡ್ರೆ ಅವತ್ತು ಸೈಕಲ್ ಬಂದ್, ಸೀದಾ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಹೋಗ್ತಾ ಹೆಲ್ಮೆಟ್ಟೂ ತಗೊಂಡ್ ಹೋಗಿ, ಎಲ್ಲಿ ಬಡಿದಿದೆ ಅಂತ ಡಾಕ್ಟ್ರಿಗೆ ತೋರಿಸ್ಬಹುದು.