ಹಿತ್ತಲಿಗೊಂದು ಅಡುಗೆಮನೆ: ಪಿಜ್ಜಾ ಓವನ್ ಮತ್ತು ಅಗ್ಗಿಷ್ಟಿಕೆ ಕಟ್ಟುವ ಬಗೆ

ಕಲ್ಲಿನ ಕಟ್ಟೆ, ಟೈಲ್ಸ್, ದೀಪ ಎಲ್ಲವನ್ನೂ ಆಮೇಲೆ ಬದಲಾಯಿಸಬಹುದು. ಓವನ್‌ ನೆಲದ ಕೆಳಗೆ ಹಾಕಬೇಕಾದ ಶಾಖನಿರೋಧಕ ಪದರವನ್ನೋ ಅಗ್ಗಿಷ್ಟಿಕೆಯ ಹೊಗೆಕೊಳವೆಯ ಅಳತೆಯನ್ನೋ ಆಮೇಲೆ ಬದಲಾಯಿಸಬೇಕೆಂದರೆ ಕಟ್ಟಿದ್ದನ್ನು ಒಡೆಯಲೇಬೇಕು. ಹಾಗಾಗಿ ದುಡ್ಡು, ತಾಳ್ಮೆ ಎರಡನ್ನೂ ಮೊದಲು ಕಣ್ಣಿಗೆ ಕಾಣದ ಜಾಗಕ್ಕೆ ಖರ್ಚು ಮಾಡಿ.

ಜಾಗ ಮತ್ತು ತಳಪಾಯ

ಹೆಚ್ಚಾಗಿ ಗಾಳಿ ಬೀಸಿ ಬರುವ ದಿಕ್ಕಿಗೆ ಓವನ್ ಬಾಯಿಯಾಗಲಿ ಅಗ್ಗಿಷ್ಟಿಕೆಯ ಬಾಯಿಯಾಗಲಿ ಇರಬಾರದು. ಇದ್ದರೆ ಹೊಗೆ ಚಿಮಣಿ ಹತ್ತುವ ಬದಲು ಕೂತವರ ಮುಖಕ್ಕೇ ಬರುತ್ತದೆ. ತಲೆಯ ಮೇಲೆ ಮರದ ಕೊಂಬೆ, ವಿದ್ಯುತ್ ತಂತಿ ಇರಕೂಡದು. ತೆರೆದ ಬೆಂಕಿಗೆ, ಚಿಮಣಿಗೆ ನಿಮ್ಮಲ್ಲಿ ಅನುಮತಿ ಬೇಕೇ ಎಂಬುದನ್ನು ಅಗೆಯುವ ಮುಂಚೆಯೇ ಕೇಳಿಕೊಳ್ಳಿ.

ಒಂದು ಮೀಟರ್ ಒಳವ್ಯಾಸದ ಓವನ್ ತನ್ನ ಪೀಠದ ಜೊತೆ ಒಂದು ಟನ್ನಿಗೂ ಮೀರಿ ತೂಗುತ್ತದೆ, ಇಟ್ಟಿಗೆ ಚಿಮಣಿ ಇರುವ ಅಗ್ಗಿಷ್ಟಿಕೆ ಅದಕ್ಕಿಂತಲೂ ಭಾರ. 30 ಸೆಂ.ಮೀ. ಅಗೆದು, 15 ಸೆಂ.ಮೀ. ಜಲ್ಲಿ ಹಾಕಿ ದಮ್ಮಸ್ಸು ಮಾಡಿ, ಅದರ ಮೇಲೆ 15 ಸೆಂ.ಮೀ. ಕಾಂಕ್ರೀಟ್ ಹಾಕಿ. ಮಿಶ್ರಣ 1:2:4 (ಸಿಮೆಂಟ್, ಮರಳು, ಜಲ್ಲಿ). 10 ಮಿ.ಮೀ. ಕಂಬಿಗಳನ್ನು ಎರಡೂ ದಿಕ್ಕಿಗೆ 20 ಸೆಂ.ಮೀ.ಗೊಂದರಂತೆ ಕಟ್ಟಿ. ಜಿಗುಟು ಜೇಡಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅಂಥ ಜಾಗದಲ್ಲಿ ಗಟ್ಟಿ ಪದರ ಸಿಗುವ ತನಕ ಅಗೆಯಿರಿ. ಕಾಂಕ್ರೀಟನ್ನು ಏಳು ದಿನವಾದರೂ ಒದ್ದೆಯಾಗಿಡಿ.

ಓವನ್‌ನ ನೆಲ ಎದೆಗಿಂತ ಸ್ವಲ್ಪ ಕೆಳಗಿದ್ದರೆ ಬಗ್ಗದೆ ಒಳಗೆ ನೋಡಬಹುದು. 80 ಸೆಂ.ಮೀ. ಗೋಡೆ, 12 ಸೆಂ.ಮೀ. ಸ್ಲ್ಯಾಬ್, 10 ಸೆಂ.ಮೀ. ಶಾಖನಿರೋಧಕ, 7.5 ಸೆಂ.ಮೀ. ಇಟ್ಟಿಗೆ ಸೇರಿದರೆ ಹತ್ತಿರ ಹತ್ತಿರ 110 ಸೆಂ.ಮೀ. ಆಗುತ್ತದೆ. ಸ್ಲ್ಯಾಬ್ ಹಾಕುವಾಗಲೇ ಬೆರಳು ಹೋಗುವಷ್ಟು ಅಗಲದ ಎರಡು ಮೂರು ತೂತು ಬಿಡಿ. ಎಷ್ಟೇ ಜಾಗ್ರತೆ ಮಾಡಿದರೂ ಎಂದಾದರೊಂದು ದಿನ ನೀರು ಒಳಗಿಳಿಯುತ್ತದೆ, ಅದು ಹೊರಹೋಗಲು ದಾರಿ ಬೇಕು. ಒದ್ದೆಯಾದ ಶಾಖನಿರೋಧಕ ಶಾಖವನ್ನು ತಡೆಯುವುದಿಲ್ಲ.

ಓವನ್‌ನ ನೆಲ

ಬಹಳ ಜನ ಎಡವುವುದು ಇಲ್ಲೇ. ಫೈರ್ ಬ್ರಿಕ್ಕನ್ನು (ಬೆಂಕಿಯ ಶಾಖ ತಾಳುವ ಇಟ್ಟಿಗೆ) ನೇರವಾಗಿ ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಜೋಡಿಸಿದರೆ ನೀವು ಉರಿಸುವ ಸೌದೆಯಲ್ಲಿ ದೊಡ್ಡ ಪಾಲು ಸ್ಲ್ಯಾಬನ್ನು ಕಾಯಿಸುವುದಕ್ಕೇ ಹೋಗುತ್ತದೆ. ಮೊದಲ ಎರಡು ಪಿಜ್ಜಾ ಚೆನ್ನಾಗಿ ಬಂದು, ಮೂರನೆಯದರ ತಳ ಹಸಿಯಾಗಿ ಉಳಿಯುತ್ತದೆ. ಶಾಖನಿರೋಧಕ ಸ್ಲ್ಯಾಬಿನ ಮೇಲೆ, ಇಟ್ಟಿಗೆಯ ಕೆಳಗೆ ಇರಬೇಕು. ಸ್ಲ್ಯಾಬಿನ ಕೆಳಗೆ ಹಾಕಿದರೆ ಉಪಯೋಗವಿಲ್ಲ. 50 ಮಿ.ಮೀ. ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಸಿಕ್ಕರೆ ಒಳ್ಳೆಯದು (ಆಗ ಗೋಡೆಯನ್ನು 5 ಸೆಂ.ಮೀ. ಏರಿಸಿಕೊಳ್ಳಿ). ಸಿಗದಿದ್ದರೆ ಐದು ಪಾಲು ವರ್ಮಿಕ್ಯುಲೈಟಿಗೆ (ಕಾಯಿಸಿ ಉಬ್ಬಿಸಿದ ಹಗುರ ಖನಿಜದ ಹರಳು) ಒಂದು ಪಾಲು ಸಿಮೆಂಟ್ ಕಲಸಿ 10 ಸೆಂ.ಮೀ. ಹಾಕಿ. ನೀರು ಕಮ್ಮಿ ಇರಲಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ಸೋರಬಾರದು.

ಅದು ಗಟ್ಟಿಯಾದ ಮೇಲೆ ನುಣುಪು ಮರಳು ಮತ್ತು ಫೈರ್ ಕ್ಲೇಯನ್ನು (ಶಾಖ ತಾಳುವ ಜೇಡಿಮಣ್ಣಿನ ಪುಡಿ) ಸಮಪಾಲು ಬೆರೆಸಿ, ಅರ್ಧ ಸೆಂ.ಮೀ. ದಪ್ಪಕ್ಕೆ ಹರಡಿ ರಸಮಟ್ಟ ನೋಡಿ. ನೆಲದ ಇಟ್ಟಿಗೆಗಳಿಗೆ ಗಾರೆ ಬೇಡ, ಒಂದಕ್ಕೊಂದು ತಾಗಿಸಿಟ್ಟರೆ ಸಾಕು. ಮುಂದೆ ಒಂದು ಇಟ್ಟಿಗೆ ಬಿರುಕು ಬಿಟ್ಟರೆ ಅದೊಂದನ್ನೇ ಎತ್ತಿ ಬದಲಾಯಿಸಬಹುದು. ಸಾಲುಗಳನ್ನು ಬಾಯಿಗೆ ಓರೆಯಾಗಿ, 45 ಡಿಗ್ರಿಗೆ ಜೋಡಿಸಿದರೆ ಪಿಜ್ಜಾ ಸಲಿಕೆಯ ಅಂಚು ಇಟ್ಟಿಗೆ ಮೂಲೆಗೆ ತಗಲುವುದಿಲ್ಲ.

ಗುಮ್ಮಟ

ಒಳವ್ಯಾಸ 100 ಸೆಂ.ಮೀ. ಇದ್ದರೆ ಅರ್ಧಗೋಳದ ಎತ್ತರ 50. ಬಾಯಿಯ ಎತ್ತರ ಗುಮ್ಮಟದ ಎತ್ತರದ ಶೇ. 63ರಷ್ಟು, ಅಂದರೆ 31–32 ಸೆಂ.ಮೀ. ಬಾಯಿ ಇದಕ್ಕಿಂತ ಎತ್ತರವಾದರೆ ಶಾಖ ಹೊರಗೆ ಹರಿದುಹೋಗುತ್ತದೆ, ತಗ್ಗಾದರೆ ಬೆಂಕಿಗೆ ಉಸಿರು ಕಟ್ಟುತ್ತದೆ. ಅಗಲ 48–50 ಸೆಂ.ಮೀ. ಸಾಕು. 230 × 115 × 75 ಮಿ.ಮೀ. ಫೈರ್ ಬ್ರಿಕ್ ಆದರೆ ಗುಮ್ಮಟಕ್ಕೆ 85, ನೆಲಕ್ಕೆ 50, ಬಾಯಿ ಕಮಾನಿಗೆ 30. ಒಡೆದುಹೋಗುವುದನ್ನೂ ಲೆಕ್ಕ ಹಿಡಿದು 180 ತರಿಸಿ.

ಗಾರೆ ಅಳತೆ: ನುಣುಪು ಮರಳು ಮೂರು ಪಾಲು, ಸಿಮೆಂಟ್ ಒಂದು, ಪುಡಿ ಸುಣ್ಣ ಒಂದು, ಫೈರ್ ಕ್ಲೇ ಒಂದು. ಸಿಮೆಂಟ್ ಇಲ್ಲಿ ಮೊದಲ ದಿನಗಳ ಹಿಡಿತಕ್ಕೆ ಮಾತ್ರ. 300 ಡಿಗ್ರಿ ದಾಟಿದ ಮೇಲೆ ಅದು ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ, ಸುಣ್ಣ ಮತ್ತು ಜೇಡಿ ಕೆಲಸ ವಹಿಸಿಕೊಳ್ಳುತ್ತವೆ. ಬರೀ ಸಿಮೆಂಟ್ ಗಾರೆಯಲ್ಲಿ ಕಟ್ಟಿದರೆ ವರ್ಷದೊಳಗೆ ಊಟದಲ್ಲಿ ಮರಳು ಸಿಗಬಹುದು. ಸುಣ್ಣ ಕೈ ಸುಡುತ್ತದೆ, ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.

ಇಟ್ಟಿಗೆಯನ್ನು ಅರ್ಧಕ್ಕೆ ಕತ್ತರಿಸಿ ನೀರಿನ ಬಕೆಟ್ಟಿಗೆ ಹಾಕಿ. ಮೊದಲು ಗುಳ್ಳೆಗಳು ಸರಸರ ಏಳುತ್ತವೆ. ಅವು ನಿಂತ ಮೇಲೆ ತೆಗೆದು, ಮೈಮೇಲಿನ ನೀರಿನ ಹೊಳಪು ಆರುವ ತನಕ ಬಿಟ್ಟು ಬಳಸಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿ ಸಂದನ್ನು ಪುಡಿ ಮಾಡುತ್ತದೆ, ತೊಟ್ಟಿಕ್ಕುವ ಇಟ್ಟಿಗೆ ಜಾರುತ್ತದೆ.

ನೆಲದ ನಡುವಿಗೆ ತಿರುಗಣಿಯಿಟ್ಟು ಅದಕ್ಕೆ 50 ಸೆಂ.ಮೀ. ಉದ್ದದ ಸರಳು ಸಿಕ್ಕಿಸಿ. ಪ್ರತಿ ಇಟ್ಟಿಗೆಯ ಒಳಮುಖ ಆ ಸರಳಿನ ತುದಿಗೆ ತಾಗಬೇಕು. ಇಷ್ಟು ಮಾಡಿದರೆ ಗುಮ್ಮಟ ತಾನಾಗಿ ಗುಂಡಾಗುತ್ತದೆ, ಕಣ್ಣಂದಾಜಿಗೆ ಕಟ್ಟಿದರೆ ನಾಲ್ಕನೇ ವರಸೆಯಲ್ಲೇ ಸೊಟ್ಟಗಾಗುತ್ತದೆ. ಇಟ್ಟಿಗೆಯ ಒಳ ಅಂಚುಗಳು ಒಂದಕ್ಕೊಂದು ತಾಗಿರಲಿ, ಹೊರಗೆ ತೆರೆಯುವ ಸಂದಿಗೆ ಗಾರೆ ತುಂಬಿ. ಒಳಗೆ ದಪ್ಪ ಗಾರೆ ಕಂಡಷ್ಟೂ ಮುಂದೆ ಉದುರುವುದು ಜಾಸ್ತಿ. ಒಂದು ವರಸೆಯ ಸಂದಿನ ಮೇಲೆ ಇನ್ನೊಂದರ ಸಂದು ಬರಬಾರದು. ಐದನೇ ವರಸೆಯ ನಂತರ ಇಟ್ಟಿಗೆಗಳು ಒಳಕ್ಕೆ ವಾಲಿ ಜಾರತೊಡಗುತ್ತವೆ. ಎರಡು ತುದಿಗೂ ಭಾರ ಕಟ್ಟಿದ ದಾರವನ್ನು ಇಟ್ಟಿಗೆಯ ಮೇಲಿಂದ ಇಳಿಬಿಟ್ಟರೆ ಗಾರೆ ಹಿಡಿಯುವ ತನಕ ನಿಲ್ಲುತ್ತದೆ. ಒಂದು ವರಸೆ ಸುತ್ತು ಪೂರ್ತಿಯಾದರೆ ಅದು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ.

ಚಿಮಣಿಯನ್ನು ಗುಮ್ಮಟದ ನೆತ್ತಿಯಲ್ಲಿ ಇಡಬೇಡಿ. ಅದು ಗುಮ್ಮಟದ ಹೊರಗೆ, ಬಾಯಿಯ ಮುಂದೆ ಇರಬೇಕು. ತಣ್ಣನೆ ಗಾಳಿ ಬಾಯಿಯ ಕೆಳಭಾಗದಿಂದ ಒಳಹೋಗಿ, ಉರಿ ಗುಮ್ಮಟವನ್ನು ನೆಕ್ಕಿಕೊಂಡು ಸುತ್ತಿ, ಬಾಯಿಯ ಮೇಲ್ಭಾಗದಿಂದ ಹೊರಬಂದು ಚಿಮಣಿ ಹತ್ತುತ್ತದೆ. ನೆತ್ತಿಯಲ್ಲಿ ತೂತಿದ್ದರೆ ಶಾಖ ಸುತ್ತದೆ ಸೀದಾ ಆಕಾಶಕ್ಕೆ ಹೋಗುತ್ತದೆ. ಈ ಅಳತೆಯ ಓವನ್‌ಗೆ 15ರಿಂದ 20 ಸೆಂ.ಮೀ. ವ್ಯಾಸದ ಕೊಳವೆ ಸಾಕು. ಒಳ ಕಮಾನಿಗೂ ಮುಂದಿನ ಚಿಮಣಿ ಕಮಾನಿಗೂ ನಡುವೆ ಒಂದು ಸೆಂ.ಮೀ. ಬಿಟ್ಟು ಸೆರಾಮಿಕ್ ಫೈಬರ್ (ಶಾಖ ತಡೆಯುವ, ಹತ್ತಿಯಂಥ ನಾರು) ತುಂಬಿ. ಎರಡರ ಹಿಗ್ಗುವಿಕೆ ಬೇರೆಬೇರೆ, ಬಿಗಿಯಾಗಿ ಸೇರಿಸಿದರೆ ಮುಂಭಾಗ ಸೀಳುತ್ತದೆ.

ಹೊದಿಕೆ ಮತ್ತು ಒಣಗಿಸುವ ಬೆಂಕಿ

ಗುಮ್ಮಟವನ್ನು ವಾರ ಕಾಲ ಒದ್ದೆ ಗೋಣಿಯಲ್ಲಿ ಮುಚ್ಚಿಡಿ, ಇನ್ನೊಂದು ವಾರ ಸುಮ್ಮನೆ ಒಣಗಲು ಬಿಡಿ. ನಂತರ 25 ಮಿ.ಮೀ. ಸೆರಾಮಿಕ್ ಫೈಬರ್ ಕಂಬಳಿಯನ್ನು ಮೂರು ಪದರ ಹೊದಿಸಿ. ಮಾಸ್ಕ್, ಗ್ಲೌಸ್ ಕಡ್ಡಾಯ, ಅದರ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೇಲೆ ಕೋಳಿ ಬಲೆ ಬಿಗಿದು, ಹತ್ತು ಪಾಲು ವರ್ಮಿಕ್ಯುಲೈಟಿಗೆ ಒಂದು ಪಾಲು ಸಿಮೆಂಟ್ ಸೇರಿಸಿ 3–4 ಸೆಂ.ಮೀ. ಬಳಿಯಿರಿ. ಹೊರಗಿನ ಪ್ಲಾಸ್ಟರ್ ಈಗಲೇ ಬೇಡ.

ಇಟ್ಟಿಗೆ, ಗಾರೆಗಳಲ್ಲಿ ಇನ್ನೂ ಬಹಳ ನೀರಿರುತ್ತದೆ. ಒಮ್ಮೆಗೇ ಜೋರು ಬೆಂಕಿ ಹಾಕಿದರೆ ಅದು ಹಬೆಯಾಗಿ ಗುಮ್ಮಟವನ್ನು ಸೀಳುತ್ತದೆ. ಮೊದಲ ದಿನ 150 ಡಿಗ್ರಿ ಮೀರದಂತೆ ಐದಾರು ಗಂಟೆ ಸಣ್ಣ ಬೆಂಕಿ. ಆಮೇಲೆ ದಿನಕ್ಕೆ 30–40 ಡಿಗ್ರಿ ಏರಿಸುತ್ತಾ ಒಂದು ವಾರ. ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಹೊರಮೈ ಬೆಚ್ಚಗಷ್ಟೇ ಇರುವಾಗ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ನೋಡಿ: ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಇನ್ನೂ ಇದೆ ಎಂದರ್ಥ. ಹನಿ ನಿಂತ ಮೇಲೆಯೇ ಪ್ಲಾಸ್ಟರ್, ಅದರ ಮೇಲೆ ನೀರು ಇಳಿಯದ ಬಣ್ಣ. ನೆತ್ತಿಯಲ್ಲಿ ಹಬೆ ಹೋಗಲು ಒಂದು ಸಣ್ಣ ಕೊಳವೆ ಬಿಟ್ಟು ಅದಕ್ಕೆ ಟೋಪಿ ಹಾಕಿ. ಕೂದಲೆಳೆಯಂಥ ಬಿರುಕು ಬಂದೇ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಅಗ್ಗಿಷ್ಟಿಕೆ

ಓವನ್ ಮತ್ತು ಅಗ್ಗಿಷ್ಟಿಕೆಗೆ ಒಂದೇ ಕೊಳವೆ ಕೊಡುವ ಉಳಿತಾಯ ಬುದ್ಧಿ ಬೇಡ. ಒಂದನ್ನು ಉರಿಸಿದಾಗ ಇನ್ನೊಂದರ ಬಾಯಲ್ಲಿ ಹೊಗೆ ಬರುತ್ತದೆ.

ಹೊರಾಂಗಣದ ಚಿಮಣಿ ಸಾಮಾನ್ಯವಾಗಿ ಗಿಡ್ಡ, ಹಾಗಾಗಿ ಎಳೆತವೂ ಕಮ್ಮಿ. ಎತ್ತರದ ಚಿಮಣಿಗೆ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗ ಕೊಳವೆ ಸಾಕಾದರೆ, ಇಲ್ಲಿ ಎಂಟನೇ ಒಂದು ಭಾಗ ಕೊಡಿ. ಬಾಯಿ 90 × 75 ಸೆಂ.ಮೀ. ಆದರೆ ಕೊಳವೆಯ ಒಳಅಳತೆ 30 × 30. ಬೆಂಕಿ ಗೂಡು ಆಳವಾಗಿದ್ದಷ್ಟೂ ಶಾಖ ಒಳಗೇ ಉಳಿಯುತ್ತದೆ. ಶಾಖದ ಬಗ್ಗೆ ಅಧ್ಯಯನ ಮಾಡಿದ ವಿಜ್ಞಾನಿ ಕೌಂಟ್ ರಮ್‌ಫೋರ್ಡ್ 1796ರಲ್ಲೇ ಹೇಳಿದ್ದು ಇದನ್ನೇ: ಆಳ ಕಮ್ಮಿ ಮಾಡಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಗಂಟಲನ್ನು (ಬೆಂಕಿ ಗೂಡಿನಿಂದ ಹೊಗೆ ಮೇಲಕ್ಕೆ ಹೋಗುವ ಸಂದು) ಕಿರಿದಾಗಿಸಿ. ಆಳ 40 ಸೆಂ.ಮೀ., ಗಂಟಲು ಬಾಯಿಯ ಮೇಲಂಚಿನಿಂದ 20 ಸೆಂ.ಮೀ. ಮೇಲೆ ಹತ್ತು ಸೆಂ.ಮೀ. ಆಳಕ್ಕಿರಲಿ. ಒಳಗೋಡೆ ಫೈರ್ ಬ್ರಿಕ್ಕಿನದು, ಹೊರಗೋಡೆ ಮಾಮೂಲಿ ಇಟ್ಟಿಗೆಯದು, ನಡುವೆ 2 ಸೆಂ.ಮೀ. ಸಂದು. ಮೇಲೆ ಚಾವಣಿ ಇದ್ದರೆ ಚಿಮಣಿ ಅದನ್ನು ದಾಟಿ ಕನಿಷ್ಠ 90 ಸೆಂ.ಮೀ. ಏರಬೇಕು, ಮೂರು ಮೀಟರ್ ಒಳಗಿರುವ ಯಾವುದಕ್ಕಿಂತಲೂ 60 ಸೆಂ.ಮೀ. ಎತ್ತರ ಇರಬೇಕು.

ಕೆಲಸದ ಕಟ್ಟೆ 85–90 ಸೆಂ.ಮೀ. ಎತ್ತರ, 60 ಆಳ, ನೀರು ನಿಲ್ಲದಂತೆ ಚೂರು ಇಳಿಜಾರು. ಅದನ್ನು ಓವನ್ ಗೋಡೆಗೆ ಅಂಟಿಸದೆ ಬೆರಳಗಲ ಬಿಡಿ. ಕೆಳಗೆ ಗ್ಯಾಸ್ ಸಿಲಿಂಡರ್ ಇಡುವುದಾದರೆ ಗಾಳಿಕಿಂಡಿ ನೆಲಮಟ್ಟದಲ್ಲಿ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ.

ಉರಿಸುವಾಗ

ಚೆನ್ನಾಗಿ ಒಣಗಿದ ಗಟ್ಟಿ ಸೌದೆ ಸಾಕು. ಬಣ್ಣ ಬಳಿದ ಮರ, ಪ್ಲೈವುಡ್ ಬೇಡ. ಗುಮ್ಮಟ ಮೊದಲು ಮಸಿಯಿಂದ ಕಪ್ಪಾಗಿ, ಗಂಟೆ ಒಂದೂವರೆ ಗಂಟೆಯಲ್ಲಿ ಮಸಿ ತಾನೇ ಸುಟ್ಟು ಬೆಳ್ಳಗಾಗುತ್ತದೆ. ಆಗ ಕೆಂಡವನ್ನು ಪಕ್ಕಕ್ಕೆ ತಳ್ಳಿ, ನೆಲ ಒರೆಸಿ, 400 ಡಿಗ್ರಿ ಆಸುಪಾಸಿನಲ್ಲಿ ಪಿಜ್ಜಾ ಇಳಿಸಿ. ಒಂದೂವರೆ ಎರಡು ನಿಮಿಷ ಸಾಕು. 450 ದಾಟಿದರೆ ಮೇಲೆ ಬೇಯುವ ಮೊದಲೇ ತಳ ಕಪ್ಪಾಗುತ್ತದೆ. ಮಳೆಗಾಲ ಕಳೆದ ಮೇಲೆ, ಅಥವಾ ತಿಂಗಳುಗಟ್ಟಲೆ ಬಳಸದೆ ಬಿಟ್ಟ ಮೇಲೆ, ಮೊದಲ ದಿನದ ಸಣ್ಣ ಬೆಂಕಿಯಿಂದಲೇ ಮತ್ತೆ ಶುರು ಮಾಡಿ.